ಸಾಲ ಕೊಟ್ಟವರು ಸಾಲಿನಲ್ಲಿ

ಕನ್ನಡದಲ್ಲಿ 'ಸಾಲ' ಮತ್ತು 'ಋಣ' ಎಂಬ ಎರಡು ಮಾತುಗಳಿವೆ. ಸಾಲ ತೀರುತ್ತದೆ, ಋಣ ತೀರುವುದಿಲ್ಲ ಎಂದು ನಮ್ಮ ಹಿರಿಯರು ಭೇದ ಮಾಡಿದ್ದರು. ಕಿರಾಣಿ ಅಂಗಡಿಯದು ಸಾಲ, ಹೆತ್ತವಳದು ಋಣ. ಆಗಸ್ಟ್ ಹದಿನೈದರಂದು ಶಾಲೆಯ ವೇದಿಕೆಯ ಮೇಲೆ ನಿಂತು ಮಾತನಾಡುವ ಗಣ್ಯರೆಲ್ಲ 'ಸೈನಿಕರ ಋಣ' ಎಂದೇ ಹೇಳುತ್ತಾರೆ. 'ಸೈನಿಕರ ಸಾಲ' ಎಂದವರನ್ನು ನಾನು ಕಂಡಿಲ್ಲ. ಇಪ್ಪತ್ತೆಂಟು ವರ್ಷ ಈ ಭಾಷಣಗಳನ್ನು ಕೇಳಿದ ಮೇಲೆ ನನಗೊಂದು ಅನುಮಾನ ಬಂದಿದೆ. ತೀರಿಸಲಾಗದ್ದು ಎಂದು ಮೊದಲೇ ಹೆಸರಿಟ್ಟುಬಿಟ್ಟರೆ ತೀರಿಸುವ ತೊಂದರೆಯೇ ಇರುವುದಿಲ್ಲವಲ್ಲ! ಸಾಲ ಎಂದಿದ್ದರೆ ಲೆಕ್ಕ ಇಡಬೇಕಾಗುತ್ತಿತ್ತು, ವಾಯಿದೆಗೆ ಸರಿಯಾಗಿ ಮುಟ್ಟಿಸಬೇಕಾಗುತ್ತಿತ್ತು, ತಪ್ಪಿದರೆ ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಋಣಕ್ಕೆ ಅದೇನೂ ಇಲ್ಲ. ಒಂದು ಹಾರ, ಒಂದು ಶಾಲು, ಎರಡು ನಿಮಿಷದ ಮೌನ ಸಾಕು.

ಈ ಅನುಮಾನ ಪುಸ್ತಕ ಓದಿ ಬಂದದ್ದಲ್ಲ. ನಮ್ಮ ಪಕ್ಕದ ಮನೆಯ ಹವಾಲ್ದಾರ ಕಾಕಾ, ಅವರ ಹೆಂಡತಿ ಕಾಕೂ, ಇವರಿಬ್ಬರ ಜೊತೆ ಬಸ್ಸಿನಲ್ಲಿ ಓಡಾಡಿ ಬಂದದ್ದು. ಬೆಳಗಾವಿ ಜಿಲ್ಲೆಯ ತಾಲೂಕು ಊರು ನಮ್ಮದು. ಈ ಜಿಲ್ಲೆಗೆ ಸೈನ್ಯದ ನಂಟು ಹಳೆಯದು. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇದೆ. ಕೆಲವು ಹಳ್ಳಿಗಳಲ್ಲಿ ಮನೆಗೊಬ್ಬರಂತೆ ಸೈನ್ಯ ಸೇರಿದವರಿದ್ದಾರೆ. ಕಾಕಾ ಸೇರಿದ್ದು ಮಾತ್ರ ತೋಪಖಾನೆಗೆ. ಹತ್ತೊಂಬತ್ತು ವರ್ಷ ಸೇವೆ ಮಾಡಿ, ಕಾಶ್ಮೀರ ಸಿಕ್ಕಿಂಗಳಲ್ಲಿದ್ದು, 1994ರಲ್ಲಿ ಊರಿಗೆ ಬಂದರು. ಬರುವಾಗ ಒಂದು ಕಪ್ಪು ಟ್ರಂಕು, ಎರಡು ಕಂಬಳಿ, ಅರ್ಧ ಕೇಳುವ ಕಿವಿ ತಂದರು. ತೋಪಿನ ಪಕ್ಕದಲ್ಲಿ ನಿಂತವರ ಕಿವಿ ಎಷ್ಟು ದಿನ ತಾಳೀತು! ಈಗ ಎಪ್ಪತ್ತರ ಹತ್ತಿರ. ಸಕ್ಕರೆ ಕಾಯಿಲೆ, ಮೊಣಕಾಲು, ಮೂರು ವರ್ಷದ ಹಿಂದೆ ಹೃದಯದ ತೊಂದರೆ. ಮಗ ಪುಣೆಯಲ್ಲಿ ಕಂಪನಿಯೊಂದರಲ್ಲಿದ್ದಾನೆ. ಹೀಗಾಗಿ ಶಾಲೆಗೆ ರಜೆ ಇದ್ದಾಗಲೆಲ್ಲ, ಕೆಲವೊಮ್ಮೆ ಸಿ.ಎಲ್. ಹಾಕಿ, ನಾನು ಜೊತೆಗೆ ಹೋಗುತ್ತೇನೆ.

ಓದುಗ ಗೆಳತಿಯರಲ್ಲಿ ಹಲವರ ಮನೆಯಲ್ಲಿ ಮಾಜಿ ಸೈನಿಕರಿರಬಹುದು, ಅವರಿಗೆ ಇದೆಲ್ಲ ಗೊತ್ತು. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಸೇವೆಯಲ್ಲಿ ಇರುವ ತನಕ ಸೈನಿಕನಿಗೆ ಮಿಲಿಟರಿ ಆಸ್ಪತ್ರೆ ಇದೆ, ಅವನ ಹೆಂಡತಿ ಮಕ್ಕಳಿಗೂ ಇದೆ. ನಿವೃತ್ತನಾದ ಮೇಲೆ ಬಹಳ ವರ್ಷ ಇದ್ದದ್ದು ಅದೇ ಆಸ್ಪತ್ರೆ, ಅದೂ ಅಲ್ಲಿ ಹಾಸಿಗೆ ಖಾಲಿ ಇದ್ದರೆ. ಗಡಿಯಿಂದ ದೂರದ ಹಳ್ಳಿಯವನಿಗೆ ಮಿಲಿಟರಿ ಆಸ್ಪತ್ರೆ ಎಲ್ಲಿ ಸಿಗಬೇಕು? 2003ರ ಏಪ್ರಿಲ್ 1ರಿಂದ ಇ.ಸಿ.ಎಚ್.ಎಸ್. ಎಂಬ ಯೋಜನೆ ಬಂತು. ಪಿಂಚಣಿ ಪಡೆಯುವ ಮಾಜಿ ಸೈನಿಕರು ಒಂದು ಸಲ ಹಣ ಕಟ್ಟಿ ಸದಸ್ಯರಾದರೆ ಗಂಡ ಹೆಂಡತಿಗೆ, ಅವಲಂಬಿತ ಮಕ್ಕಳಿಗೆ, ತಂದೆತಾಯಿಗೆ ಚಿಕಿತ್ಸೆ. 1996ಕ್ಕೆ ಮೊದಲು ನಿವೃತ್ತರಾದವರಿಗೂ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೂ ಆ ಹಣ ಮಾಫಿ. ಮೊದಲು ದೇಶಕ್ಕೆಲ್ಲ 227 ಪಾಲಿಕ್ಲಿನಿಕ್ಕುಗಳೆಂದು ಗೊತ್ತುಮಾಡಿದರು, 2010ರಲ್ಲಿ ಇನ್ನೂ 199 ಮಂಜೂರಾದವು. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಕಾಕಾನ ಕಿವಿಗೆ ಯಂತ್ರ ಸಿಕ್ಕಿದ್ದು ಅದರಿಂದ, ತಿಂಗಳ ಗುಳಿಗೆ ಸಿಗುವುದು ಅದರಿಂದ. ಅದನ್ನು ತೆಗಳಲು ನಾನು ಕೂತಿಲ್ಲ.

ಆದರೆ ಅದು ನಡೆಯುವ ರೀತಿ ನೋಡಿ. ಪಾಲಿಕ್ಲಿನಿಕ್ಕಿನ ವೈದ್ಯರು ನೋಡಿ, ತಮ್ಮಲ್ಲಿ ಆಗದಿದ್ದರೆ ಚೀಟಿ ಬರೆದುಕೊಡುತ್ತಾರೆ. ಅದಕ್ಕೆ ರೆಫರಲ್ ಎಂದು ಹೆಸರು. ಆ ಚೀಟಿ ಹಿಡಿದು ಮಿಲಿಟರಿ ಆಸ್ಪತ್ರೆಗೆ ಹೋಗಬಹುದು, ಇಲ್ಲವೇ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಖಾಸಗಿಯವರು ತಮ್ಮ ಬಿಲ್ಲನ್ನು ಸರ್ಕಾರಕ್ಕೆ ಕಳಿಸಿ ಗೊತ್ತಾದ ದರದಲ್ಲಿ ಹಣ ಪಡೆಯಬೇಕು. 2014ರಲ್ಲಿ ನಿಗದಿಯಾದ ದರಗಳಲ್ಲಿ ಹೆಚ್ಚಿನವು ಸುಮಾರು ಹತ್ತು ವರ್ಷ ಹಾಗೇ ಉಳಿದವು. ಹಣ ಬರುವುದೂ ತಡ. ಮಹಾಲೇಖಪಾಲರು 2015ರಲ್ಲಿ ಈ ಯೋಜನೆಯ ತಪಾಸಣೆ ಮಾಡಿ ವರದಿ ಕೊಟ್ಟಿದ್ದರು, ಔಷಧಿಯ ಕೊರತೆಯ ಮಾತೂ ಬಿಲ್ಲಿನ ವಿಳಂಬದ ಮಾತೂ ಅದರಲ್ಲಿದ್ದವು. ಹಣ ತಡವಾದರೆ ಪಟ್ಟಿಯಲ್ಲಿರುವ ಆಸ್ಪತ್ರೆಯ ಮುಖ ಬದಲಾಗುತ್ತದೆ. 'ಹಾಸಿಗೆ ಖಾಲಿ ಇಲ್ಲ' ಎಂಬ ಮಾತು ಎಷ್ಟು ನಮ್ರವಾಗಿರಬಲ್ಲದು ಎಂಬುದನ್ನು ನಾನು ಒಂದು ಕೌಂಟರಿನ ಮುಂದೆ ನಿಂತು ಕಲಿತಿದ್ದೇನೆ.

ತುರ್ತು ಸಂದರ್ಭಕ್ಕೆ ಬೇರೆ ನಿಯಮ. ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಿಸಬಹುದು, ಆದರೆ 48 ತಾಸಿನೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಮೊದಲು ನಾವೇ ಕಟ್ಟಿ, ಆಮೇಲೆ ಕಾಗದ ಸಲ್ಲಿಸಿ ಸರ್ಕಾರದ ದರದಷ್ಟು ವಾಪಸು ಪಡೆಯಬೇಕು. ಮೂರು ವರ್ಷದ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ಕಾಕಾಗೆ ಎದೆ ಹಿಡಿದಾಗ ಆಟೋದವನು ಕರೆದೊಯ್ದದ್ದು ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ. ಪ್ರಾಣ ಉಳಿಯಿತು. ಅಲ್ಲಿಯ ವೈದ್ಯರಿಗೆ ನಾವು ಕೈಮುಗಿಯಬೇಕು. ಬಿಲ್ಲು ಎರಡು ಲಕ್ಷದ ಮೇಲಾಯಿತು. ಕಾಕಾ ಒಳಗೆ ಮಲಗಿದ್ದರೆ ಕಾಕೂ ಹೊರಗೆ ಬೆಂಚಿನ ಮೇಲೆ ಕೂತು ಬೆರಳು ಮಡಚಿ ತಾಸು ಎಣಿಸುತ್ತಿದ್ದರು. 'ತಂಗೀ, ನಲವತ್ತೆಂಟು ತಾಸಂದ್ರ ನಾಡದ ರಾತ್ರಿ ಎರಡಕ್ಕ ಮುಗೀತದ ಏನು? ರಾತ್ರಿ ಎರಡಕ್ಕ ಅಲ್ಲಿ ಯಾರ ಇರ್ತಾರ?' ಎಂದು ಕೇಳಿದರು. ಮರುದಿನ ಬೆಳಿಗ್ಗೆಯೇ ತಿಳಿಸಿದೆವು, ಅದು ಸರಿಹೋಯಿತು. ಆದರೆ ಗಂಡ ಬದುಕುತ್ತಾನೋ ಇಲ್ಲವೋ ಎಂಬ ರಾತ್ರಿಯಲ್ಲಿ ಒಬ್ಬ ಹೆಂಗಸು ಗಡಿಯಾರ ನೋಡಿಕೊಂಡು ಸರ್ಕಾರಿ ನಿಯಮವನ್ನು ಎಣಿಸಬೇಕಾಯಿತಲ್ಲ, ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ವಾಪಸು ಬಂದ ಹಣಕ್ಕೂ ಕಟ್ಟಿದ ಹಣಕ್ಕೂ ನಡುವೆ ಇದ್ದ ಅಂತರವನ್ನು ಕಾಕೂನ ಎರಡು ಪಾಟಲಿಗಳು ತುಂಬಿದವು. ಅವು ಇನ್ನೂ ಗಿರವಿಯಲ್ಲಿವೆ.

ಕಾಕಾ ಸೈನ್ಯದಲ್ಲಿದ್ದಾಗ ಕಾಕೂ ಓಣಿಯ ಹುಡುಗರಿಂದ ಪತ್ರ ಬರೆಸುತ್ತಿದ್ದರಂತೆ. ಆ ಪತ್ರಗಳ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ. ನಂಬರು, ಹೆಸರು, ರೆಜಿಮೆಂಟು, ಕೆಳಗೆ '56 ಎ.ಪಿ.ಓ.' ಎಂದು ಬರೆದರೆ ಮುಗಿಯಿತು. ಕಾಕಾ ಯಾವ ಗುಡ್ಡದ ಮೇಲಿದ್ದಾರೆ, ಯಾವ ಹಿಮದೊಳಗಿದ್ದಾರೆ ಎಂಬುದು ಬರೆದವರಿಗೂ ಗೊತ್ತಿಲ್ಲ, ಬರೆಸಿದವರಿಗೂ ಗೊತ್ತಿಲ್ಲ. ಪತ್ರ ಮಾತ್ರ ಹೋಗಿ ಮುಟ್ಟುತ್ತಿತ್ತು. ಹೆಸರಿಲ್ಲದ ಗುಡ್ಡದ ಮೇಲೆ ಒಬ್ಬ ಮನುಷ್ಯನನ್ನು ಹುಡುಕಿ ಇನ್‌ಲ್ಯಾಂಡ್ ಕಾಗದ ಮುಟ್ಟಿಸಬಲ್ಲ ಸರ್ಕಾರಕ್ಕೆ ಅದೇ ಮನುಷ್ಯ ತನ್ನ ಸ್ವಂತ ಮನೆಯಲ್ಲಿ ಕೂತಾಗ ಸಿಗದೆ ಹೋಗುವುದು ಹೇಗೆ? ಬೇಕಾದಾಗ ಅದು ಅವನನ್ನು ಹುಡುಕುತ್ತಿತ್ತು, ಈಗ ಅವನು ಅದನ್ನು ಹುಡುಕುತ್ತಾನೆ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ಪ್ರಮಾಣಪತ್ರವನ್ನೂ ಕೊಡುತ್ತಾನೆ. (ಈ ಪ್ರಮಾಣಪತ್ರ ಎಲ್ಲ ಪಿಂಚಣಿದಾರರೂ ಕೊಡುವಂಥದೇ, ನಾಳೆ ನಾನೂ ಕೊಡಬೇಕು. ಆದರೂ ಗುಂಡಿನ ಎದುರು ನಿಂತವನಿಂದ ಅದನ್ನು ಕೇಳುವಾಗ ಏನೋ ಒಂದು ತಮಾಷೆ ಇದೆ.)

ಸಾಲದ ವ್ಯವಹಾರ ಮಾಡಿದವರಿಗೆ ಗೊತ್ತು, ಪತ್ರ ಇಟ್ಟುಕೊಳ್ಳುವವನು ಸಾಲ ಕೊಟ್ಟವನು, ಬಂದು ಕಟ್ಟುವವನು ಸಾಲ ತೆಗೆದುಕೊಂಡವನು. ಇಲ್ಲಿ ಸಾಲ ಕೊಟ್ಟವನು ಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆ ಆರರ ಬಸ್ಸು ಹತ್ತಿ, ತೆಗೆದುಕೊಂಡವನ ಬಾಗಿಲಿಗೆ ಹೋಗಿ, ಪಾಳಿ ಹಚ್ಚಿ, 'ನಾನು ಕೊಟ್ಟದ್ದು ನಿಜ' ಎಂದು ತೋರಿಸುತ್ತಾನೆ. ಒಂದು ಕಾಗದ ಕಡಿಮೆ ಬಿದ್ದರೆ ಮರಳಿ ಬರುತ್ತಾನೆ.

ಹಾಗಾದರೆ ರುಜುವಾತು ಕೇಳಲೇಬಾರದೇ? ಸಾರ್ವಜನಿಕರ ಹಣ, ಸುಳ್ಳು ಬಿಲ್ಲು ಮಾಡುವ ಆಸ್ಪತ್ರೆಗಳೂ ಇವೆ, ಬೇರೆಯವರ ಕಾರ್ಡು ಬಳಸುವವರೂ ಇದ್ದಾರೆ. ಕೇಳಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ರುಜುವಾತಿನ ಹೊರೆ ಯಾರ ತಲೆಯ ಮೇಲಿರಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ನಮ್ಮ ದೇಶದ ಕಾನೂನು ಇದನ್ನು ಒಮ್ಮೆ ಚೆನ್ನಾಗಿ ಯೋಚಿಸಿತ್ತು. ಸೇವೆಯಿಂದ ಬಂದ ಅಂಗವೈಕಲ್ಯಕ್ಕೆ ಪಿಂಚಣಿ ಕೊಡುವ 1982ರ ನಿಯಮಗಳಲ್ಲಿ ಒಂದು ಮಾತಿತ್ತು. ಸೇರುವಾಗ ವೈದ್ಯರು ಯಾವ ಕಾಯಿಲೆಯನ್ನೂ ಬರೆದುಕೊಂಡಿರದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದ ಎಂದು ತಿಳಿಯಬೇಕು, ಮುಂದೆ ಆರೋಗ್ಯ ಕೆಟ್ಟು ಸೇವೆಯಿಂದ ಹೊರಬಂದರೆ ಅದು ಸೇವೆಯಿಂದಲೇ ಎಂದು ಹಿಡಿಯಬೇಕು, ಅಲ್ಲವೆನ್ನುವವರು ಅದನ್ನು ಸಾಧಿಸಬೇಕು. ಆದರೂ ಮೂರ್ಛೆರೋಗದಿಂದ ಹೊರಬಿದ್ದ ಒಬ್ಬ ಸೈನಿಕ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ನ್ಯಾಯಾಲಯ, ಸಾಧಿಸುವ ಹೊರೆ ಸೈನಿಕನದಲ್ಲ, ಅವನನ್ನು ದುಡಿಸಿಕೊಂಡವರದು ಎಂದು ಸ್ಪಷ್ಟವಾಗಿ ಹೇಳಿತು. ಮುಂದೆ 2023ರಲ್ಲಿ ಹೊಸ ನಿಯಮಗಳು ಬಂದವು, ಅವುಗಳ ಬಗ್ಗೆ ಮಾಜಿ ಸೈನಿಕರಲ್ಲಿ ಅಸಮಾಧಾನ ಇದೆ. ಕಾಕಾ ಕಿವಿಗಾಗಿ ಅಂಗವೈಕಲ್ಯದ ಪಿಂಚಣಿ ಕೇಳಲೇ ಇಲ್ಲ. ಯಾಕೆಂದು ಕೇಳಿದರೆ, 'ಕಿವಿ ಹೋದದ್ದು ತೋಪಿನಿಂದ ಅಂತ ತೋಪ ಸಾಕ್ಷಿ ಹೇಳತದೇನು?' ಎಂದು ನಕ್ಕರು.

ಬೇರೆ ದೇಶದವರು ಏನು ಮಾಡುತ್ತಾರೆ ಎಂಬ ಕುತೂಹಲದಿಂದ ನಾನು ಒಂದಷ್ಟು ಓದಿದೆ. ನಮ್ಮಲ್ಲಿ ಅಮೆರಿಕೆಯೆಂದರೆ ಎಲ್ಲವೂ ಗಡಿಯಾರದಂತೆ ನಡೆಯುತ್ತದೆ ಎಂಬ ನಂಬಿಕೆ ಇದೆಯಲ್ಲವೇ? ಅಲ್ಲಿ ಮಾಜಿ ಸೈನಿಕರಿಗಾಗಿಯೇ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಜಾಲ ಇದೆ. 2014ರಲ್ಲಿ ಫೀನಿಕ್ಸ್ ನಗರದ ಆಸ್ಪತ್ರೆಯಲ್ಲಿ ಕಾಯುವವರ ನಿಜವಾದ ಪಟ್ಟಿಯನ್ನು ಮುಚ್ಚಿಟ್ಟು, ಎಲ್ಲರಿಗೂ ಬೇಗ ಸರದಿ ಸಿಗುತ್ತಿದೆ ಎಂದು ಲೆಕ್ಕ ತೋರಿಸಿದ್ದು ಬಯಲಾಯಿತು. ಸರದಿ ಬರುವ ಮೊದಲೇ ಸತ್ತವರಿದ್ದರು. ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಅದೇ ವರ್ಷ ಒಂದು, 2018ರಲ್ಲಿ ಇನ್ನೊಂದು ಕಾನೂನು ಬಂತು. ಅದರ ಮೇರೆಗೆ 2019ರಿಂದ ಸಾಮಾನ್ಯ ಚಿಕಿತ್ಸೆಗೆ ಮೂವತ್ತು ನಿಮಿಷಕ್ಕಿಂತ, ತಜ್ಞರ ಚಿಕಿತ್ಸೆಗೆ ಅರವತ್ತು ನಿಮಿಷಕ್ಕಿಂತ ಹೆಚ್ಚು ದೂರ ಗಾಡಿ ಓಡಿಸಬೇಕಾದವರು ಹತ್ತಿರದ ಬೇರೆ ವೈದ್ಯರ ಹತ್ತಿರ ಸರ್ಕಾರದ ಖರ್ಚಿನಲ್ಲೇ ಹೋಗಬಹುದೆಂದಾಯಿತು. ಇದನ್ನು ಕಾಕೂಗೆ ಹೇಳಿದೆ. 'ಮೂವತ್ತ ನಿಮಿಷದಾಗ ನಮ್ಮ ಬಸ್ಸು ಸ್ಟ್ಯಾಂಡ ಬಿಡೂದಿಲ್ಲಲ್ಲ' ಎಂದರು.

ವಿಯೆಟ್ನಾಮಿನ ಕಾಡುಗಳ ಮೇಲೆ 1962ರಿಂದ 1971ರವರೆಗೆ ಅಮೆರಿಕದವರು ಎಲೆ ಉದುರಿಸುವ ವಿಷ ಸುರಿದರು. ಅದನ್ನು ಮೈಮೇಲೆ ಹೊಯ್ಯಿಸಿಕೊಂಡ ಅವರದೇ ಸೈನಿಕರಿಗೆ ಬಂದ ಕೆಲವು ಕಾಯಿಲೆಗಳನ್ನು 'ಅದರಿಂದಲೇ ಬಂದದ್ದು' ಎಂದು ಮುಂಚಿತವಾಗಿ ಒಪ್ಪುವ ಕಾನೂನು ಬಂದದ್ದು 1991ರಲ್ಲಿ. ಇಪ್ಪತ್ತು ವರ್ಷ ತಡೆದು ನೋಡಿದರೆ ಎಷ್ಟೋ ಅರ್ಜಿದಾರರು ಇರುವುದೇ ಇಲ್ಲ. ವಿಷ ಬಿದ್ದ ನೆಲದ ತಾಯಂದಿರ ಅರ್ಜಿಯನ್ನು ಯಾವ ಕೌಂಟರಿನಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದಂತೂ ಬೇರೆಯದೇ ಕಥೆ. ಇರಾಕ್ ಅಫ್ಘಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೂ ಇಂಥದೇ ಕಾನೂನು 2022ರಲ್ಲಿ ಬಂತು. ನಾವೇನೂ ಹಿಂದೆ ಬಿದ್ದಿಲ್ಲ ಬಿಡಿ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರನ್ನೂ, ಪಿಂಚಣಿಯಿಲ್ಲದ ತುರ್ತು ಮತ್ತು ಅಲ್ಪಾವಧಿ ಅಧಿಕಾರಿಗಳನ್ನೂ ಇ.ಸಿ.ಎಚ್.ಎಸ್.ಗೆ ಸೇರಿಸಲು ಕೇಂದ್ರ ಸಂಪುಟ ಒಪ್ಪಿದ್ದು 2019ರ ಮಾರ್ಚ್‌ನಲ್ಲಿ. ಯುದ್ಧ ಮುಗಿದದ್ದು 1945ರಲ್ಲಿ. ಇಪ್ಪತ್ತು ವರ್ಷದವನಾಗಿ ಹೋರಾಡಿದವನಿಗೆ ಆಗ ತೊಂಬತ್ತನಾಲ್ಕು.

ನಮ್ಮ ಓಣಿಯಲ್ಲೇ ಇನ್ನೊಬ್ಬರಿದ್ದಾರೆ. ಅವರೂ ಸೈನಿಕರೇ, ಕಾಕಾನ ವಾರಿಗೆಯವರೇ. ಒಂಬತ್ತು ವರ್ಷ ಸೇವೆಯಾದಾಗ ತಂದೆ ತೀರಿಕೊಂಡರು, ಹೊಲ ನೋಡುವವರಿಲ್ಲವೆಂದು ಕೇಳಿಕೊಂಡು ಬಿಟ್ಟು ಬಂದರು. ಜವಾನರಿಗೆ ಪಿಂಚಣಿ ಸಿಗಲು ಹದಿನೈದು ವರ್ಷ ಆಗಬೇಕು. ಆದ್ದರಿಂದ ಅವರಿಗೆ ಪಿಂಚಣಿ ಇಲ್ಲ, ಪಿಂಚಣಿ ಇಲ್ಲದ್ದರಿಂದ ಇ.ಸಿ.ಎಚ್.ಎಸ್. ಇಲ್ಲ. ಅವರದು ತಾಲೂಕು ಆಸ್ಪತ್ರೆ, ಹೆಚ್ಚಾದರೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ, ಬಿ.ಪಿ.ಎಲ್. ಕಾರ್ಡಿನ ಮೇಲೆ ಆಯುಷ್ಮಾನ್ ಯೋಜನೆ. ಹೀಗೆ ಒಂದೇ ಹಿಮದಲ್ಲಿ ನಿಂತ ಇಬ್ಬರು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಭೇಟಿಯಾಗಿ, ರಾಮ್ ರಾಮ್ ಹೇಳಿ, ಒಬ್ಬರು ಬೆಳಗಾವಿಯ ಬಸ್ಸು, ಒಬ್ಬರು ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ. 2024ರಲ್ಲಿ ಕೇಂದ್ರ ಸರ್ಕಾರ ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ಎಂದು ಸಾರಿತು. ಈಗಾಗಲೇ ಇ.ಸಿ.ಎಚ್.ಎಸ್. ಇರುವವರು ಅದು ಅಥವಾ ಇದು, ಒಂದನ್ನು ಆರಿಸಿಕೊಳ್ಳಬೇಕು. ಕಾಕಾ ಅದನ್ನು ಪತ್ರಿಕೆಯಲ್ಲಿ ಓದಿ ನನ್ನನ್ನು ಕರೆಸಿ, ಯಾವುದು ಒಳ್ಳೆಯದೆಂದು ಕೇಳಿದರು. ಇದ್ದ ಎತ್ತನ್ನು ಬಿಡುವುದು ಬೇಡ ಎಂದೆ.

ಇಷ್ಟೆಲ್ಲ ನನ್ನ ತಲೆಯಲ್ಲಿದ್ದ ದಿನಗಳಲ್ಲೇ ಒಂಬತ್ತನೆಯ ತರಗತಿಯಲ್ಲಿ ಸಮಾಜ ವಿಜ್ಞಾನದ ಪಾಠ ಮಾಡುವಾಗ ದೇಶರಕ್ಷಣೆಯ ಅಧ್ಯಾಯ ಬಂತು. ಸೈನಿಕರಿಗೂ ಮಾಜಿ ಸೈನಿಕರಿಗೂ ಇರುವ ಸೌಲಭ್ಯಗಳನ್ನು ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, 'ಬಾಯಾರ, ಅವರಿಗಷ್ಟ ಯಾಕ್ರಿ ಬ್ಯಾರೆ ದವಾಖಾನಿ? ನಮ್ಮಪ್ಪಗ ಕಬ್ಬ ಕಡಿಯೂ ಮುಂದ ಎರಡ ಬಟ್ಟ ಹೋದೂರಿ' ಎಂದಳು. ತರಗತಿಯಲ್ಲಿ ಯಾರೂ ನಗಲಿಲ್ಲ. ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳು, ಕಬ್ಬಿನ ಗ್ಯಾಂಗಿನಲ್ಲಿ ದುಡಿಯುವವರ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ.

ಪ್ರಶ್ನೆ ಉದ್ಧಟತನದ್ದಲ್ಲ. ಸಾವಿನ ಅಪಾಯ ಸೈನಿಕನೊಬ್ಬನಿಗೇ ಅಲ್ಲ. ಗುಂಡಿಗೆ ಇಳಿದು ಹೊಲಸು ತೆಗೆಯುವವರು ಈ ದೇಶದಲ್ಲಿ ಇನ್ನೂ ಸಾಯುತ್ತಿದ್ದಾರೆ. ಕೊರೋನಾ ಬಂದಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದರು, ಅವರಿಗೆ ಯಾವ ಪಾಲಿಕ್ಲಿನಿಕ್ಕು? ಆದ್ದರಿಂದ ಅಪಾಯದ ಲೆಕ್ಕದಲ್ಲಿ ಉತ್ತರ ಹೇಳಲು ಬರುವುದಿಲ್ಲ. ದೇಶಭಕ್ತಿಯ ಲೆಕ್ಕದಲ್ಲೂ ನಾನು ಹೇಳಲಾರೆ. ಹೊಟ್ಟೆಪಾಡಿಗೆ ಸೇರಿದವರೇ ಹೆಚ್ಚು, ಕಾಕಾ ಕೂಡ ಅದನ್ನು ಮುಚ್ಚಿಡುವುದಿಲ್ಲ. ನನಗೆ ತೋಚಿದ್ದು ಬೇರೆ. ನಮ್ಮ ಸಂವಿಧಾನದ 33ನೆಯ ವಿಧಿ, ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ. ಹೋಗು ಎಂದ ಕಡೆ ಹೋಗಬೇಕು. ನಾನು ವರ್ಗಾವಣೆಯಾದರೆ ಅರ್ಜಿ ಹಾಕಬಲ್ಲೆ, ಒಗ್ಗದಿದ್ದರೆ ರಾಜೀನಾಮೆ ಕೊಟ್ಟು ಮನೆಗೆ ಹೋಗಬಲ್ಲೆ. ಸೈನಿಕ ಸೇರುವಾಗ ಒಂದು ವಸ್ತುವನ್ನು ಸರ್ಕಾರದ ಕೈಗೆ ಒಪ್ಪಿಸುತ್ತಾನೆ. ಅದು ಅವನ 'ಒಲ್ಲೆ'. ಒಲ್ಲೆ ಎನ್ನುವ ಹಕ್ಕು. ಆ ಹಕ್ಕನ್ನು ಅವನಿಂದ ಇಸಿದುಕೊಂಡವರು ಮುಂದೊಂದು ದಿನ ಅವನು ಕಾಯಿಲೆ ಬಿದ್ದು ಬಂದಾಗ ತಾವು ಒಲ್ಲೆ ಎನ್ನುವಂತಿಲ್ಲ. ಇದನ್ನೇ ಮಕ್ಕಳಿಗೆ ತಿಳಿಯುವಂತೆ ಹೇಳಿದೆ. ನನ್ನ ಉತ್ತರ ನನಗೇ ಸಮಾಧಾನ ಕೊಟ್ಟಿತ್ತು.

ಹುಡುಗಿ ಇನ್ನೂ ನಿಂತೇ ಇದ್ದಳು. 'ನಮ್ಮಪ್ಪಗೂ ಒಲ್ಲೆ ಅನ್ನಾಕ ಬರಂಗಿಲ್ರಿ. ಮುಕಾದಮನ ಕಡೆ ಮುಂಗಡ ಇಸಗೊಂಡಾನ್ರಿ' ಎಂದಳು.

ಗ್ಯಾಂಗಿನ ಪದ್ಧತಿ ಗೊತ್ತಿರುವವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಹಂಗಾಮಿಗೆ ಮೊದಲೇ ಮುಂಗಡ ಹಣ, ಆಮೇಲೆ ಜ್ವರವಿರಲಿ, ಹೆಂಡತಿ ಬಸುರಿಯಿರಲಿ, ಹಣ ತೀರುವ ತನಕ ಕಬ್ಬು ಕಡಿಯಲೇಬೇಕು. ಕಾನೂನು ಅವನ 'ಒಲ್ಲೆ'ಯನ್ನು ಕಸಿದುಕೊಂಡಿಲ್ಲ, ಬಡತನ ಕಸಿದುಕೊಂಡಿದೆ. ಆ ದಿನದಿಂದ ಈ ಮಾತನ್ನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಹುಡುಗಿ ಹೇಳಿದ್ದು ಸರಿ. ಆದರೆ ಅದು ಸರಿಯಾದ್ದರಿಂದ ಕಾಕಾಗೆ ಸಲ್ಲಬೇಕಾದ್ದು ಕಡಿಮೆಯಾಗುವುದಿಲ್ಲ. ಇಬ್ಬರ ಸಾಲ ಇದ್ದರೆ ಒಬ್ಬನದನ್ನು ತೋರಿಸಿ ಇನ್ನೊಬ್ಬನದನ್ನು ಮುಳುಗಿಸುವಂತಿಲ್ಲ. ಬ್ರಿಟನ್ನಿನಲ್ಲಿ 1948ರಲ್ಲಿ ಎಲ್ಲರಿಗೂ ಒಂದೇ ಆರೋಗ್ಯ ಸೇವೆ ಬಂದ ಮೇಲೆ, ಯುದ್ಧದ ಗಾಯಾಳುಗಳಿಗಾಗಿ ಇದ್ದ ಪ್ರತ್ಯೇಕ ಆಸ್ಪತ್ರೆಗಳನ್ನು 1953ರಲ್ಲಿ ಅದಕ್ಕೇ ಸೇರಿಸಿದರು. ಸೇವೆಯಿಂದ ಬಂದ ಕಾಯಿಲೆಯಾದರೆ ಮಾಜಿ ಸೈನಿಕನಿಗೆ ಅಲ್ಲಿ ಆದ್ಯತೆ, ಆದರೆ ಅವನಿಗಿಂತ ಹೆಚ್ಚು ಕಷ್ಟದಲ್ಲಿರುವ ರೋಗಿ ಪಕ್ಕದಲ್ಲಿದ್ದರೆ ಆ ರೋಗಿಯೇ ಮೊದಲು. ಕೇಳುವುದಕ್ಕೆ ಇದು ನ್ಯಾಯವಾಗಿದೆ. ಕಾಯುವವರು ಹೆಚ್ಚಾದರೆ ಆದ್ಯತೆ ಕಾಗದದ ಮೇಲೆ ಉಳಿಯುವ ಸಂಭವವೂ ಇದೆ.

ನಮ್ಮಲ್ಲಿ ಆ ದಾರಿ ಸದ್ಯ ಕಾಣುವುದಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಹೃದಯದ ವೈದ್ಯರು ಇದ್ದಿದ್ದರೆ ಕಾಕಾಗೂ ಅರ್ಧ ಬಸ್ಸು ತಪ್ಪುತ್ತಿತ್ತು, ಆ ಹುಡುಗಿಯ ಅಪ್ಪನ ಬೆರಳಿಗೂ ಯಾರಾದರೂ ಸಿಗುತ್ತಿದ್ದರು ಎಂದು ಮಾತ್ರ ಹೇಳಬಲ್ಲೆ. ಅದು ಆಗುವ ತನಕ, ಪ್ರತ್ಯೇಕವಾಗಿ ಕೊಟ್ಟ ಮಾತನ್ನು ಪ್ರತ್ಯೇಕವಾಗಿಯೇ ನಡೆಸಬೇಕು.

ಇದರಲ್ಲಿ ಹೆಂಗಸರ ಪಾಲು ಯಾವ ಯೋಜನೆಯ ಪುಸ್ತಕದಲ್ಲೂ ಬರೆದಿಲ್ಲ. ಸೈನ್ಯದಲ್ಲಿ ಕಾಗದಪತ್ರ ನೋಡಿಕೊಳ್ಳಲು ಗುಮಾಸ್ತರಿದ್ದರು ಎನ್ನುತ್ತಾರೆ ಕಾಕಾ. ಮನೆಯಲ್ಲಿ ಗುಮಾಸ್ತೆ ಕಾಕೂ. ನಾಲ್ಕನೆಯ ಇಯತ್ತೆ ಓದಿದವರು. ಇಂಗ್ಲಿಷ್ ಬಾರದು. ಆದರೆ ರೆಫರಲ್ ಚೀಟಿಯ ಬಣ್ಣ, ಅದರ ಮೇಲಿನ ಮುದ್ರೆಯ ಆಕಾರ, ಯಾವ ಕಾಗದದ ಎಷ್ಟು ಝೆರಾಕ್ಸ್ ಬೇಕು, ಇವೆಲ್ಲ ಅವರಿಗೆ ಬಾಯಿಪಾಠ. ಕಾಕಾಗೆ ಕೌಂಟರಿನಲ್ಲಿ ಹೆಸರು ಕೂಗಿದ್ದು ಕೇಳಿಸುವುದಿಲ್ಲವಾದ್ದರಿಂದ ಕಾಕೂ ಎದ್ದು ಹೋಗುವ ಹಾಗಿಲ್ಲ, ನೀರು ಕುಡಿಯಲು ಕೂಡ. ಬಚ್ಚಲ ಮನೆ ದೂರ ಎಂದು ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ. ಇದನ್ನು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅದೂ ಮೆಲ್ಲಗೆ. ಕಾರ್ಡಿನಲ್ಲಿ ಅವರ ಹೆಸರೂ ಇದೆ, ಅವರ ಫೋಟೋದ ಕಾರ್ಡೂ ಇದೆ. ಅವರ ಕಣ್ಣಿಗೆ ಪೊರೆ ಬಂದಿದೆ, ಮೊಣಕಾಲು ಕಾಕಾನ ಮೊಣಕಾಲಿಗಿಂತ ಕೆಟ್ಟಿದೆ. 'ಈ ಸಲ ನಿಮ್ಮ ಕಣ್ಣ ತೋರ್ಸೋಣ್ರಿ ಕಾಕೂ' ಎಂದರೆ, 'ಮೊದಲ ಅವರದ ಮುಗೀಲಿ ತಂಗಿ' ಎನ್ನುತ್ತಾರೆ. ಎಪ್ಪತ್ತರ ಗಂಡಸಿನ ಕಾಯಿಲೆ ಮುಗಿಯುವುದು ಯಾವಾಗ? ಒಲ್ಲೆ ಎನ್ನುವ ಹಕ್ಕನ್ನು ಕೊಟ್ಟವರು ಸೈನಿಕರೊಬ್ಬರೇ ಅಲ್ಲ ಎಂದು ಆ ಹುಡುಗಿ ಹೇಳಿದ್ದು ನನಗೆ ಅಲ್ಲೂ ನೆನಪಾಗುತ್ತದೆ.

ನಮ್ಮ ಶಾಲೆಯ ಮೈದಾನದಲ್ಲಿ ಈಗ ಬೆಳಿಗ್ಗೆ ಐದಕ್ಕೇ ಹುಡುಗರು ಓಡುತ್ತಾರೆ. ಅಗ್ನಿವೀರ ಭರ್ತಿಗೆ ತಯಾರಿ. ಯೋಜನೆ ಬಂದದ್ದು 2022ರ ಜೂನ್‌ನಲ್ಲಿ. ಹದಿನೇಳೂವರೆ ತುಂಬಿದವರನ್ನು ನಾಲ್ಕು ವರ್ಷಕ್ಕೆ ತೆಗೆದುಕೊಂಡು, ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನರನ್ನು ಉಳಿಸಿಕೊಳ್ಳುವುದು. ಉಳಿದವರಿಗೆ ಸೇವಾನಿಧಿ ಎಂದು ಸುಮಾರು 11.71 ಲಕ್ಷ ರೂಪಾಯಿ ಎಂದು ಆಗ ಪ್ರಕಟಿಸಿದರು, ಅದರಲ್ಲಿ ಅರ್ಧ ಅವರದೇ ಸಂಬಳದಿಂದ ಹಿಡಿದದ್ದು. ಅವರಿಗೆ ಪಿಂಚಣಿ ಇಲ್ಲ, ಇ.ಸಿ.ಎಚ್.ಎಸ್. ಇಲ್ಲ ಎಂದೂ ಆಗಲೇ ಹೇಳಿದ್ದಾರೆ. ಸೇವೆಯ ಕಾರಣದಿಂದ ಅಂಗ ಊನವಾದರೆ ಪರಿಹಾರ ಇದೆ. ಪೂರ್ತಿ ಊನಕ್ಕೆ 44 ಲಕ್ಷ, ಮುಕ್ಕಾಲಿಗೆ 25 ಲಕ್ಷ, ಅರ್ಧಕ್ಕೆ 15 ಲಕ್ಷ. ಇದನ್ನು ಅನ್ಯಾಯ ಎಂದು ಒಂದೇ ಏಟಿಗೆ ಹೇಳಲಾರೆ. ಮೊದಲೇ ಹೇಳಿ ಸೇರಿಸಿಕೊಳ್ಳುತ್ತಾರೆ, ಕೊಡದ ಮಾತನ್ನು ಮುರಿಯುವ ಪ್ರಶ್ನೆಯೂ ಇಲ್ಲ. ಹುಡುಗರಿಗೆ ಬೇರೆ ಕೆಲಸವೂ ಇಲ್ಲ. ಆದರೆ ನಾಲ್ಕು ವರ್ಷ ಒಪ್ಪಿಸುವ 'ಒಲ್ಲೆ' ಹತ್ತೊಂಬತ್ತು ವರ್ಷ ಒಪ್ಪಿಸಿದ್ದಕ್ಕಿಂತ ಹಗುರವೇ? ಗುಂಡು ಹಾರುವ ದಿನ ಸೇವಾವಧಿಯನ್ನು ಕೇಳುವುದಿಲ್ಲ. ತೋಪಿನ ಸದ್ದು ನಾಲ್ಕು ವರ್ಷದ ಕಿವಿ, ಇಪ್ಪತ್ತು ವರ್ಷದ ಕಿವಿ ಎಂದು ನೋಡುವುದಿಲ್ಲ. ಅದು ಕಿವಿಯನ್ನು ಕೆಡಿಸಿದ್ದು ಗೊತ್ತಾಗುವುದು ಎಷ್ಟೋ ಸಲ ನಲವತ್ತು ದಾಟಿದ ಮೇಲೆ. ಆಗ ಆ ಹುಡುಗ ಯಾವ ಚೀಲ ಹಿಡಿದು ಯಾವ ಬಾಗಿಲಿಗೆ ಹೋಗಬೇಕು?

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಭರ್ತಿಗೆ ಬೇಕಾದ ನಡತೆಯ ಪ್ರಮಾಣಪತ್ರಕ್ಕಾಗಿ ಶಾಲೆಗೆ ಬಂದಿದ್ದರು. ಮಗನಿಗೆ ಎತ್ತರ ಇದೆ, ಓಟ ಇದೆ, ಆಯ್ಕೆಯಾಗುತ್ತಾನೆ. ಮುಖ್ಯಾಧ್ಯಾಪಕರ ಸಹಿ ಆಗುವ ತನಕ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, 'ಬಾಯಾರ, ನಾಕ ವರ್ಷ ಆದಮ್ಯಾಲೆ ಹುಡುಗಗ ಏನರ ಜಡ್ಡ ಬಂದ್ರ ಯಾರ ನೋಡ್ತಾರ್ರಿ?' ಎಂದು ಕೇಳಿದರು. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಪರಿಹಾರದ ಮೊತ್ತ ಹೇಳಿದೆ, ಪಿಂಚಣಿ ಇಲ್ಲದ ಬಡ ಮಾಜಿ ಸೈನಿಕರಿಗೆ ಸೈನಿಕ ಮಂಡಳಿ ಕೊಡುವ ಸಹಾಯಧನದ ವಿಷಯ ಹೇಳಿ, ಅದು ಇವನಿಗೆ ಸಿಗುತ್ತದೋ ಇಲ್ಲವೋ ಎಂದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿಕೊಳ್ಳಿ ಎಂದೆ. ಬಿ.ಪಿ.ಎಲ್. ಕಾರ್ಡನ್ನು ಕಳೆದುಕೊಳ್ಳಬೇಡಿ ಎಂದೂ ಹೇಳಿದೆ.

'ಹುಡುಗನ ಪಗಾರ ಬಂದ್ರ ಆ ಕಾರ್ಡ ಉಳೀತದೇನ್ರಿ?' ಎಂದರು.

ಅಷ್ಟರಲ್ಲಿ ಸಹಿಯಾದ ಪ್ರಮಾಣಪತ್ರ ಬಂತು.